ಮನೆ ಪೂರ್ತಿ ಹರವಿಕೊಂಡಿದೆ, ಎಲ್ಲಿಂದ ಕೈ ಹಚ್ಚಬೇಕು?

ಗಡಿಯಾರಕಂಬ | ದಾವಣಗೆರೆ | ಶನಿವಾರ ರಾತ್ರಿ 9:20

ನಿಟುವಳ್ಳಿ ಕಡೆ ಬಾಡಿಗೆ ಮನೆ. ಎರಡು ರೂಮು, ಹಾಲ್, ಅಡುಗೆಮನೆ. ಸಿಂಕ್ ತುಂಬಾ ಮುಸುರೆ, ಮಂಚದ ಮೇಲೆ ಬಟ್ಟೆ ಗುಡ್ಡೆ, ಹಾಲ್‌ನಲ್ಲಿ ಪಾರ್ಸೆಲ್ ಡಬ್ಬ, ಪೇಪರ್, ಮಕ್ಕಳ ಪುಸ್ತಕ. ಸಜ್ಜಾ ಮೇಲೆ ಏನೇನಿದೆಯೋ ಲೆಕ್ಕವಿಲ್ಲ. ನಲ್ಲಿ ನೀರು ದಿನಾ ಬರಲ್ಲ, ಡ್ರಮ್‌ನಲ್ಲಿ ಹಿಡಿದಿಟ್ಟಿದ್ದೇ ಗತಿ. ದಿನಕ್ಕೆ ಮುಕ್ಕಾಲು ಗಂಟೆ ಸಿಗುತ್ತೆ. ನೋಡಿದ ಕೂಡಲೇ ತಲೆ ಗಿಮ್ಮಂದು ಕೂತುಬಿಡೋ ಹಾಗಾಗುತ್ತೆ. "ಒಂದು ಮೂಲೆಯಿಂದ ಶುರು ಮಾಡಿ" ಅಂತ ಎಲ್ಲರೂ ಹೇಳ್ತಾರೆ. ಯಾವ ಮೂಲೆ, ಯಾವ ಸಾಮಾನು, ಎಷ್ಟು ಹೊತ್ತು ಅಂತ ಗೊತ್ತಿದ್ದವರು ಬಿಡಿಸಿ ಹೇಳಿ.

---

ಕಸಬರಿಗೆ | ದಾವಣಗೆರೆ | ಶನಿವಾರ ರಾತ್ರಿ 10:05

ಹರವಿದ ಮನೆಯಲ್ಲಿ ಮೈಗಿಂತ ಮೊದಲು ತಲೆ ಸೋಲುತ್ತೆ. ಒಂದೊಂದು ಸಾಮಾನು ಎತ್ತಿಕೊಂಡಾಗಲೂ ಬೇಕಾ, ಬೇಡ್ವಾ, ಯಾರದ್ದು, ಎಲ್ಲಿಡೋದು ಅಂತ ನಾಲ್ಕು ಪ್ರಶ್ನೆ. 50 ಸಾಮಾನಿಗೆ 200 ಪ್ರಶ್ನೆ. ಅಷ್ಟಕ್ಕೆಲ್ಲ ಉತ್ತರ ಹುಡುಕೋ ಶಕ್ತಿ ಆ ಹೊತ್ತಲ್ಲಿ ಯಾರಿಗೂ ಇರಲ್ಲ. ಹಾಗಾಗಿ ಪ್ರಶ್ನೆಯೇ ಹುಟ್ಟದ ಕೆಲಸ ಮೊದಲು ಹಿಡೀಬೇಕು. ಒಂದೇ ಪ್ರಶ್ನೆ ಹುಟ್ಟೋ ಕೆಲಸ ಆಮೇಲೆ. ಮನಸ್ಸು ಹಿಂಡುವಂಥದ್ದು, ಅಂದ್ರೆ ಹಳೆ ಫೋಟೋ, ತವರಿನ ಸೀರೆ, ಮದುವೆ ಉಡುಗೊರೆ, ಎಲ್ಲಕ್ಕಿಂತ ಕೊನೆಗೆ.

ನಾಳೆ ಬೆಳಗ್ಗೆಯ ಮುಕ್ಕಾಲು ಗಂಟೆ ಹೀಗೆ ಹಂಚಿಕೊಳ್ಳಿ.

ಚಪ್ಪಲಿ ಹಾಕಿಕೊಳ್ಳಿ. ಕಿಟಕಿ ತೆಗೀರಿ, ಲೈಟ್ ಹಾಕಿ, ಫ್ಯಾನ್ ಆರಿಸಿ. ಫ್ಯಾನ್ ತಿರುಗ್ತಾ ಇದ್ರೆ ಪೇಪರ್ ಹಾರಾಡಿ ಎರಡು ಕೆಲಸ ಆಗುತ್ತೆ. 25 ಕೆಜಿ ಅಕ್ಕಿ ಚೀಲ ಎರಡು ತಗೊಳ್ಳಿ. ಚೀಲದ ಬಾಯನ್ನು ನಾಲ್ಕು ಬೆರಳಗಲ ಹೊರಗೆ ಮಡಚಿ, ಅದರ ಮೇಲೆ ಇನ್ನೊಂದು ಸಲ ಮಡಚಿ. ಆಗ ಬಾಯಿ ಬಿಗಿಯಾಗಿ ತೆರೆದು ನಿಲ್ಲುತ್ತೆ, ಒಂದು ಕೈಯಲ್ಲಿ ಹಿಡ್ಕೊಳ್ಳೋ ಕಷ್ಟ ಇಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು, ಆದ್ರೆ ಚೀಲ ಪದೇ ಪದೇ ಕುಸಿದು ಬೀಳೋದರಿಂದಲೇ ಅರ್ಧ ಜನ ಕೆಲಸ ಬಿಡ್ತಾರೆ. ಒಂದು ಚೀಲ ಒಣಕಸಕ್ಕೆ, ಇನ್ನೊಂದು ಬೇರೆ ರೂಮಿಗೆ ಹೋಗಬೇಕಾದ್ದಕ್ಕೆ. ಹಸಿಕಸಕ್ಕೆ ಹಿಡಿಕೆ ಇರೋ ಹಳೆ ಬಕೆಟ್.

ಮುಂಬಾಗಿಲಿನಿಂದ ಅಡುಗೆಮನೆವರೆಗೆ ಎರಡಡಿ ಅಗಲದ ದಾರಿ ಬಿಡಿಸಿ. ಅಕ್ಕಪಕ್ಕ ನೋಡಬೇಡಿ. ಈ ದಾರಿ ಯಾಕಂದ್ರೆ ಮುಂದಿನ ಪ್ರತಿ ಕೆಲಸಕ್ಕೂ ಏನಾದರೂ ಹೊತ್ತು ಇಲ್ಲೇ ಓಡಾಡಬೇಕು, ದಾಟಿ ದಾಟಿ ಹೋಗೋದೇ ಸುಸ್ತು. ದಾರಿಯಲ್ಲಿ ಸಿಕ್ಕ ಹಾಲಿನ ಕವರ್, ಪಾರ್ಸೆಲ್ ಡಬ್ಬ, ಬಿಸ್ಕತ್ ಕಾಗದ, ಒಡೆದ ಪೆನ್ನು ಒಣಚೀಲಕ್ಕೆ. ಅಕ್ಷರ ಇರೋ ಕಾಗದ ಯಾವುದೇ ಆದ್ರೂ ಓದದೆ ಒಂದೇ ಬಟ್ಟೆ ಚೀಲಕ್ಕೆ ತುರುಕಿ. ಓದೋಕೆ ಕೂತ್ರೆ ಅವತ್ತಿನ ಕೆಲಸ ಅಲ್ಲಿಗೇ ನಿಂತ ಹಾಗೆ. ಇಷ್ಟಕ್ಕೆ 15 ನಿಮಿಷ.

ಉಳಿದ 30 ನಿಮಿಷ ಪೂರ್ತಿ ಸಿಂಕಿಗೆ. ಅಡುಗೆಮನೆ ತೆರವಾದ್ರೆ ಮನೆಯಲ್ಲಿ ಊಟ ಆಗುತ್ತೆ, ಹೊರಗಿನ ಡಬ್ಬ ಬರೋದು ನಿಲ್ಲುತ್ತೆ, ಅಂದ್ರೆ ನಾಳೆಯ ಕಸ ಇವತ್ತೇ ಕಮ್ಮಿ ಆಯ್ತು. ಹಾಲ್ ಚೆಂದ ಮಾಡಿ ಸಿಂಕ್ ಬಿಟ್ರೆ ಈ ಲಾಭ ಇಲ್ಲ.

---

ಹೊಳೆನೀರು | ಹರಿಹರ | ಶನಿವಾರ ರಾತ್ರಿ 10:40

ಡ್ರಮ್ ನೀರಲ್ಲಿ ಪಾತ್ರೆ ತೊಳೆಯೋ ಕ್ರಮ ಹೇಳ್ತೀನಿ, ಇಲ್ಲದಿದ್ರೆ ಒಂದು ಗುಡ್ಡೆಗೆ 40 ಲೀಟರ್ ಹೋಗುತ್ತೆ.

ಮೊದಲು ಎಂಜಲು, ಕರಿಬೇವು, ಅನ್ನದ ಅಗಳು ಎಲ್ಲ ಹಸಿಕಸದ ಬಕೆಟ್‌ಗೆ ಒರೆಸಿ ಹಾಕಿ. ಜಿಡ್ಡಿನ ಬಾಣಲೆಯನ್ನು ಹಳೆ ನ್ಯೂಸ್ ಪೇಪರಿಂದ ಒರೆಸಿ. ಆಮೇಲೆ ಮೂರು ಬೋಗುಣಿ. ಒಂದರಲ್ಲಿ 5 ಲೀಟರ್ ಬಿಸಿನೀರಿಗೆ ಎರಡು ಚಮಚ ಪಾತ್ರೆ ಸೋಪು, ಇನ್ನೊಂದರಲ್ಲಿ 5 ಲೀಟರ್ ಬರೀ ನೀರು, ಮೂರನೆಯದರಲ್ಲಿ 3 ಲೀಟರ್ ಕೊನೆಗೆ ಅದ್ದಿ ತೆಗೆಯೋಕೆ. ಲೋಟ, ಚಮಚ ಮೊದಲು. ಆಮೇಲೆ ತಟ್ಟೆ, ಆಮೇಲೆ ಡಬ್ಬ, ಜಿಡ್ಡಿನ ಪಾತ್ರೆ ಕೊನೆಗೆ. ಜಿಡ್ಡು ಮೊದಲು ಅದ್ದಿದ್ರೆ ಸೋಪಿನ ನೀರು ಅಲ್ಲೇ ಸತ್ತುಹೋಗುತ್ತೆ. 13 ಲೀಟರಲ್ಲಿ ನಾಲ್ಕು ಜನರ ಎರಡು ದಿನದ ಪಾತ್ರೆ ಮುಗಿಯುತ್ತೆ. ಮೊದಲ ಬೋಗುಣಿ ನೀರು ಬಚ್ಚಲು ತೊಳೆಯೋಕೆ, ಎರಡನೆಯದು ಮೋರಿಗೆ.

ತಳ ಹಿಡಿದ ಸ್ಟೀಲ್ ಪಾತ್ರೆಗೆ ಎರಡು ಬೆರಳು ನೀರು, ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ಹತ್ತು ನಿಮಿಷ ಕುದಿಸಿ, ಆರಿದ ಮೇಲೆ ಮರದ ಸೌಟಿಂದ ಕೆದಕಿದ್ರೆ ಹಪ್ಪಳದ ಹಾಗೆ ಎದ್ದು ಬರುತ್ತೆ. ಅಲ್ಯೂಮಿನಿಯಂಗೆ ಸೋಡಾ ಬೇಡ, ಕಪ್ಪಾಗುತ್ತೆ. ಅದಕ್ಕೆ ಹುಣಸೆಹಣ್ಣಿನ ನೀರೇ ಸರಿ.

ಬೂಸ್ಟು ಹಿಡಿದ ಡಬ್ಬ ಸಿಕ್ಕರೆ ಮೂಸಿ ನೋಡಬೇಡಿ. ಮುಚ್ಚಳ ತೆಗೆಯದೆ ಹೊರಗೆ ಒಯ್ದು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಅಲ್ಲೇ ತೆಗೀರಿ. ಗೀರು ಬಿದ್ದ ಪ್ಲಾಸ್ಟಿಕ್ ಡಬ್ಬಕ್ಕೆ ಬೂಸ್ಟು ಹತ್ತಿದ್ರೆ ಉಳಿಸೋ ಆಸೆ ಬಿಡಿ.

---

ತುಪ್ಪದಕೊಳ | ಚಿತ್ರದುರ್ಗ | ಭಾನುವಾರ ಬೆಳಗ್ಗೆ 6:50

ಬೀರುವಿಂದ ಶುರು ಮಾಡಿದ್ರೆ ಹೇಗೆ? ಒಳಗೆ ಜಾಗ ಆದ್ರೆ ಹೊರಗಿಂದು ಒಳಗೆ ಹೋಗುತ್ತೆ ಅಲ್ವಾ?

---

ಕಸಬರಿಗೆ | ದಾವಣಗೆರೆ | ಭಾನುವಾರ ಬೆಳಗ್ಗೆ 7:10

ಕೇಳೋಕೆ ಸರಿಯೇ, ಆದ್ರೆ ಜಾಸ್ತಿ ಜನ ಸೋಲೋದು ಇಲ್ಲೇ. ಬೀರುವಿನ ಒಂದು ಖಾನೆಯಲ್ಲಿ ಒತ್ತಿ ಇಟ್ಟದ್ದು ಹೊರಗೆ ಹರವಿದ್ರೆ ಅರ್ಧ ಮಂಚ ತುಂಬುತ್ತೆ. ನಾಲ್ಕು ಖಾನೆ ಒಟ್ಟಿಗೆ ಇಳಿಸಿ ಒಂದು ಗಂಟೆಗೆ ಸುಸ್ತಾದ್ರೆ ರಾತ್ರಿ ಮಲಗೋಕೆ ಜಾಗ ಇಲ್ಲ, ಎಲ್ಲ ಗಂಟು ಕಟ್ಟಿ ಮತ್ತೆ ಒಳಗೆ ತುರುಕಬೇಕು. ಮನೆ ಮೊದಲಿಗಿಂತ ಹದಗೆಡುತ್ತೆ, ಮನಸ್ಸೂ ಕೆಡುತ್ತೆ. ಬೀರು ಸದ್ಯಕ್ಕೆ ಮುಚ್ಚಿರಲಿ. ಮೂರನೇ ವಾರಕ್ಕೆ ಬಂದಾಗ ಒಂದು ದಿನಕ್ಕೆ ಒಂದೇ ಖಾನೆ, ಅದು ವಾಪಸ್ ತುಂಬಿದ ಮೇಲೇ ಇನ್ನೊಂದಕ್ಕೆ ಕೈ.

---

ಜೋಗಿಮಟ್ಟಿ | ಚಿತ್ರದುರ್ಗ | ಭಾನುವಾರ ಬೆಳಗ್ಗೆ 8:30

ಮಂಚದ ಮೇಲಿನ ಬಟ್ಟೆ ಗುಡ್ಡೆಗೆ ಬರ್ತೀನಿ. ಇಲ್ಲಿ ಎಲ್ಲರೂ ಮಷಿನ್ ಲೆಕ್ಕ ಹಾಕ್ತಾರೆ, ಹಗ್ಗದ ಲೆಕ್ಕ ಹಾಕಲ್ಲ. ಗುಡ್ಡೆ ಹುಟ್ಟೋದು ಒಣಗಿಸೋ ಜಾಗ ಸಾಲದೇ ಹೋದಾಗ.

ಡಬಲ್ ಕಾಟನ್ ಬೆಡ್‌ಶೀಟ್ ಸುಮಾರು ಮುಕ್ಕಾಲರಿಂದ ಒಂದು ಕೆಜಿ. ಜೀನ್ಸ್ 600ರಿಂದ 800 ಗ್ರಾಂ. ಸ್ನಾನದ ಟವೆಲ್ ಅರ್ಧ ಕೆಜಿ, ಅಂಗಿ 200ರಿಂದ 250. 6.5 ಕೆಜಿ ಮಷಿನ್ ಅಂದ್ರೂ ಡ್ರಮ್ಮಿನ ಮುಕ್ಕಾಲು ಭಾಗಕ್ಕಿಂತ ಮೇಲೆ ತುಂಬಬಾರದು, ಬಟ್ಟೆ ಉರುಳೋಕೆ ಜಾಗ ಇಲ್ಲದಿದ್ರೆ ಸೋಪು ಮಡಿಕೆಯಲ್ಲೇ ಉಳಿದು ವಾಸನೆ ಹಿಡಿಯುತ್ತೆ. ಹಾಗೆ ಒಗೆದ ಒಂದು ಸುತ್ತಿನ ಬಟ್ಟೆ ಒಣಗೋಕೆ 12 ಮೀಟರ್ ಆದ್ರೂ ಹಗ್ಗ ಬೇಕು. ನಿಮ್ಮ ಟೆರೇಸಲ್ಲೋ ಬಾಲ್ಕನಿಯಲ್ಲೋ 6 ಮೀಟರ್ ಮಾತ್ರ ಇದ್ರೆ ದಿನಕ್ಕೆ ಅರ್ಧ ಸುತ್ತೇ ಒಗೀರಿ. ಭಾನುವಾರ ಒಂದೇ ದಿನ ಮೂರು ಸುತ್ತು ಹಾಕಿದ್ರೆ ಹಸಿ ಬಟ್ಟೆ ಕುರ್ಚಿ ಮೇಲೆ, ಬಾಗಿಲ ಮೇಲೆ, ಮತ್ತೆ ಅದೇ ಮಂಚದ ಮೇಲೆ.

ವಿಂಗಡಣೆಗೆ ಎರಡೇ ಗುಂಪು. ನೆಲದ ಮೇಲೆ ಬಿದ್ದಿದ್ದೆಲ್ಲ ಒಗೆಯೋಕೆ, ಪ್ರಶ್ನೆ ಬೇಡ. ಮಂಚದ ಮೇಲಿರೋದು ಒಗೆದದ್ದು ಅಂತ ಹಿಡ್ಕೊಳ್ಳಿ. ಅದನ್ನು ಮಡಚೋಕೂ ಹೋಗಬೇಡಿ ಈಗ. ಮನೆಯಲ್ಲಿ ಎಷ್ಟು ಜನರೋ ಅಷ್ಟು ಬುಟ್ಟಿ ಇಟ್ಟು, ಅವರವರದ್ದು ಅವರವರ ಬುಟ್ಟಿಗೆ ಎಸೀರಿ. 20 ನಿಮಿಷದಲ್ಲಿ ಮಂಚ ಕಾಣುತ್ತೆ. ಒಳಉಡುಪು, ಕಾಲುಚೀಲ, ಮನೆಯಲ್ಲಿ ಹಾಕೋ ಬಟ್ಟೆ ಬುಟ್ಟಿಯಲ್ಲೇ ಇರಲಿ, ಅವಕ್ಕೆ ಮಡಿಕೆ ಯಾವತ್ತೂ ಬೇಕಿಲ್ಲ. ಮಡಚೋದು ಸೀರೆ, ಅಂಗಿ, ಶಾಲೆಯ ಸಮವಸ್ತ್ರ ಇಷ್ಟೇ.

ಒಮ್ಮೆ ತೊಟ್ಟ ಆದರೆ ಒಗೆಯೋಷ್ಟು ಕೊಳೆಯಾಗದ ಬಟ್ಟೆಗೆ ಜಾಗ ಇಲ್ಲದೇ ಇರೋದರಿಂದಲೇ ಕುರ್ಚಿ ಮೇಲೆ ಗುಡ್ಡೆ ಬೆಳೆಯುತ್ತೆ. ಒಬ್ಬರಿಗೆ ಗೋಡೆಗೆ ಮೂರು ಕೊಕ್ಕೆ ಹೊಡೀರಿ. ಮೂರೂ ತುಂಬಿದ್ರೆ ಹಳೇದು ಒಗೆಯೋಕೆ.

ದುರ್ಗದವರಿಗೆ ಇನ್ನೊಂದು ಮಾತು. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಹೆಂಗಿರುತ್ತೆ ಅಂತ ಗುಡ್ಡದ ಮೇಲಿನ ಗಾಳಿಯಂತ್ರ ನೋಡಿದ್ರೆ ಗೊತ್ತಾಗುತ್ತೆ. ಆಗ ಬಟ್ಟೆ ಒಳಮೈ ಹೊರಗೆ ಮಾಡಿ ಹಾಕಿ, ಬೆಳಗ್ಗೆ 10ರೊಳಗೆ ತೆಗೆದುಬಿಡಿ. ಮಧ್ಯಾಹ್ನದ ಧೂಳು ಹಸಿ ಬಟ್ಟೆಗೆ ಕೂತ್ರೆ ಮತ್ತೆ ಒಗೀಬೇಕು.

---

ಕೌದಿ | ಜಗಳೂರು | ಭಾನುವಾರ ಬೆಳಗ್ಗೆ 9:15

ಹಳ್ಳಿ ಮನೆಯವ್ರೂ ಇದನ್ನ ಓದ್ತಾರೆ, ಅದಕ್ಕೆ ಹೇಳ್ತೀನ್ರಿ. ಪಡಸಾಲ್ಯಾಗೆ ಮೆಕ್ಕೆಜೋಳದ ಚೀಲ ಒಟ್ಟಿದ್ರೆ ಅದನ್ನ ಸರಿಸಾಕ್ ಹೋಗಬ್ಯಾಡ್ರಿ. ಗ್ವಾಡಿಯಿಂದ ಒಂದಡಿ ಬಿಟ್ಟು, ಕೆಳಗೆ ನಾಲ್ಕಿಂಚು ಎತ್ತರದ ಹಲಗೆ ಅಥವಾ ಇಟ್ಟಿಗೆ ಕೊಟ್ಟು ಒಟ್ಟಿದ್ರೆ ಸಾಕು, ತೇವ ಏರಲ್ಲ, ಇಲಿ ಓಡಾಡಿದ್ದು ಕಾಣ್ತೈತಿ. ಅದು ಮಾಲು, ಮಾರೋವರೆಗೂ ಇರೋದೆ. ಅದರ ಸುತ್ತ ಬಿದ್ದಿರೋ ಸುತ್ತಲಿ ಹಗ್ಗ, ಹರಿದ ಚೀಲ, ಬೆಳಿಗೆ ಹೊಡಿಯೋ ಔಷಧಿ ಡಬ್ಬ ಇವಷ್ಟೇ ಇವತ್ತಿನ ಕೆಲಸ. ಖಾಲಿ ಔಷಧಿ ಡಬ್ಬಕ್ಕೆ ತೂತು ಹೊಡದು ಬ್ಯಾರೆ ಇಡ್ರಿ, ನೀರು ತುಂಬಾಕ್ ಬಳಸಬ್ಯಾಡ್ರಿ.

ಮಂಡಕ್ಕಿ ಚೀಲನೂ ಹಂಗೇ. ತೂಕ ಇಲ್ಲ, ಜಾಗ ಮಾತ್ರ ತಿಂತೈತಿ. ಬಾಯಿ ಬಿಗಿದು ಕಟ್ಟಿ ಗ್ವಾಡಿ ಮೊಳಿಗೆ ತೂಗುಹಾಕ್ರಿ, ನೆಲ ಖಾಲಿ, ಮೆತ್ತಗೂ ಆಗಲ್ಲ.

---

ಕಡಪಕಲ್ಲು | ಚಿತ್ರದುರ್ಗ | ಭಾನುವಾರ ಬೆಳಗ್ಗೆ 11:00

ನೆಲ ಬಿಡಿಸಿದ ಮೇಲೆ ತೊಳೆಯೋ ಆಸೆ ಹುಟ್ಟುತ್ತೆ. ಅಲ್ಲೇ ಆಸಿಡ್ ತರ್ತಾರೆ. ದಯವಿಟ್ಟು ಬೇಡ.

ನಮ್ಮ ಕಡೆ ಅಡುಗೆಮನೆ ಹಲಗೆ ಸಾಮಾನ್ಯವಾಗಿ ಕಡಪ, ಹಿತ್ತಲು ಶಹಾಬಾದಿ, ಹಳೆ ಮನೆ ನೆಲ ಕೆಂಪು ರೆಡ್‌ಆಕ್ಸೈಡ್, ಆಮೇಲಿನದು ಮೊಸಾಯಿಕ್. ಕಡಪ, ಶಹಾಬಾದಿ ಎರಡೂ ಸುಣ್ಣದ ಜಾತಿಯ ಕಲ್ಲು, ಉಳಿದೆರಡು ಸಿಮೆಂಟ್. ಆಸಿಡ್ ಇವೆಲ್ಲವನ್ನೂ ತಿನ್ನುತ್ತೆ. ಒಂದು ಸಲಕ್ಕೆ ಬೆಳ್ಳಗೆ ಕಾಣುತ್ತೆ, ಆಮೇಲೆ ಮೇಲ್ಮೈ ಒರಟಾಗಿ ಕೊಳೆ ಮೊದಲಿಗಿಂತ ಬೇಗ ಹಿಡಿಯುತ್ತೆ. ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ವಿನಿಗರ್ ಕೂಡ ಅದೇ ಗುಂಪಿನವು. ಈ ಕಲ್ಲು, ನೆಲಕ್ಕೆಲ್ಲ ಅರ್ಧ ಬಕೆಟ್ ನೀರಿಗೆ ಒಂದು ಚಮಚ ಪಾತ್ರೆ ಸೋಪು ಸಾಕು, ಆಮೇಲೆ ಬರೀ ನೀರಲ್ಲಿ ಒಂದು ಒರೆಸು.

ಬೋರ್ ನೀರಿನ ಬಿಳಿ ಕಲೆ ವಿಟ್ರಿಫೈಡ್ ಟೈಲ್, ಗಾಜು, ಸ್ಟೀಲ್ ಕೊಳಾಯಿ ಮೇಲಿದ್ರೆ ಮಾತ್ರ ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ನಿಂಬೆ ಉಪ್ಪು. ಬಟ್ಟೆ ಅದ್ದಿ ಕಲೆ ಮೇಲೆ ಹೊದಿಸಿ 15 ನಿಮಿಷ ಬಿಟ್ಟು ತಿಕ್ಕಿ ತೊಳೀರಿ. ಸುಮ್ಮನೆ ಸುರಿದ್ರೆ ಹರಿದುಹೋಗುತ್ತೆ, ಕಲೆ ಹಾಗೇ ಇರುತ್ತೆ.

ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಒಂದೇ ಬಚ್ಚಲಲ್ಲಿ ಒಂದೇ ದಿನ ಬಳಸಬೇಡಿ. ಸೇರಿದ್ರೆ ಕ್ಲೋರಿನ್ ಅನಿಲ ಏಳುತ್ತೆ, ಕಿಟಕಿ ಇಲ್ಲದ ಸಣ್ಣ ಬಚ್ಚಲಲ್ಲಿ ಅದು ಪ್ರಾಣಕ್ಕೇ ಬರಬಹುದು. ಬೇಸರದಲ್ಲಿ ಇರೋ ಬಾಟ್ಲಿಯೆಲ್ಲ ಒಟ್ಟಿಗೆ ಸುರಿಯೋರು ಇದ್ದಾರೆ, ಅದಕ್ಕೇ ಒತ್ತಿ ಹೇಳ್ತಿದ್ದೀನಿ.

ಧೂಳಿನ ದಿನ ಒಣ ಕಸಬರಿಗೆ ಆಡಿಸಬೇಡಿ. ಸಣ್ಣ ಧೂಳು ಗಾಳಿಗೆ ಎದ್ದು ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಟಿವಿ ಮೇಲೆ ಕೂರುತ್ತೆ. ಮೇಲಿನದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ನೆಲ ಕೊನೆಗೆ.

---

ತುಪ್ಪದಕೊಳ | ಚಿತ್ರದುರ್ಗ | ಭಾನುವಾರ ಬೆಳಗ್ಗೆ 11:20

ಸಿಂಕ್ ಕೆಳಗೆ ಜಿರಲೆ, ಸಜ್ಜಾ ಮೇಲೆ ಇಲಿ ಹಿಕ್ಕೆ. ಸ್ಪ್ರೇ ಹೊಡೆದು ಶುರು ಮಾಡಬೇಕಾ?

---

ಹೊಳೆನೀರು | ಹರಿಹರ | ಭಾನುವಾರ ಬೆಳಗ್ಗೆ 11:45

ಸ್ಪ್ರೇ ಬೇಡ, ಜೆಲ್ ತನ್ನಿ. ಸಿಂಕ್ ಕೆಳಗಿನ ಮೂಲೆ, ಕಪಾಟಿನ ಕೀಲು, ಫ್ರಿಜ್ ಹಿಂದೆ ರಾಗಿಕಾಳಿಗಿಂತ ಸ್ವಲ್ಪ ದೊಡ್ಡ ಚುಕ್ಕಿ, ಒಂದೊಂದು ಕಡೆ ಎರಡು ಮೂರು. ಜಿರಲೆ ಅದನ್ನು ತಿಂದು ಗೂಡಿಗೆ ಹೋಗಿ ಸಾಯಬೇಕು, ಅದನ್ನು ತಿಂದ ಬೇರೆಯವೂ ಸಾಯುತ್ತವೆ. ಜೆಲ್ ಇಟ್ಟ ಕಡೆ ಸ್ಪ್ರೇ ಹೊಡೆದ್ರೆ ಆ ವಾಸನೆಗೆ ಜಿರಲೆ ಹತ್ತಿರ ಬರೋದೇ ಇಲ್ಲ, ಎರಡೂ ದುಡ್ಡು ದಂಡ. ರಾತ್ರಿ ಸಿಂಕ್ ಒಣಗಿಸಿ ಮಲಗಿ. ಎರಡು ವಾರ ಕಾಯಿರಿ. ಮಗು, ನಾಯಿ, ಬೆಕ್ಕು ಮುಟ್ಟದ ಜಾಗದಲ್ಲೇ ಇಡಿ.

ಇಲಿ ಹಿಕ್ಕೆ ಗುಡಿಸಲೇಬಾರದು, ಪುಡಿಯಾಗಿ ಉಸಿರಿಗೆ ಹೋಗುತ್ತೆ. ಕೈಗವಸು ಹಾಕಿ, ಮೂಗಿಗೆ ಮಾಸ್ಕ್ ಕಟ್ಟಿ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಹತ್ತು ಪಾಲು ನೀರು ಬೆರೆಸಿ ಅದರ ಮೇಲೆ ಚಿಮುಕಿಸಿ, ಐದು ನಿಮಿಷ ನೆನೆಯಲಿ. ಹಳೆ ಪೇಪರಲ್ಲಿ ಎತ್ತಿ ಕವರಿಗೆ ಕಟ್ಟಿ ಹಾಕಿ.

ನುಸಿಗುಳಿಗೆ (ನ್ಯಾಫ್ತಲಿನ್) ಬಗ್ಗೆಯೂ ಹೇಳಿಬಿಡ್ತೀನಿ. ಎಳೆಮಗುವಿನ ಬಟ್ಟೆ, ಹೊದಿಕೆ ಜೊತೆ ಇಡಬೇಡಿ. ಅದರ ಆವಿಗೆ ಕೆಲವು ಮಕ್ಕಳಲ್ಲಿ ಕೆಂಪುರಕ್ತಕಣ ಒಡೆದು ಕಾಮಾಲೆ ಬರುತ್ತೆ. ಬೀರುವಿಗೆ ಬೇವಿನ ಒಣ ಎಲೆ ಸಾಕು, ಬಟ್ಟೆಯನ್ನು ವರ್ಷಕ್ಕೆರಡು ಸಲ ಬಿಸಿಲಿಗೆ ಹಾಕಿ.

---

ಉಗಾದಿಬೇವು | ದಾವಣಗೆರೆ | ಭಾನುವಾರ ಮಧ್ಯಾಹ್ನ 2:10

ಎಲ್ಲರೂ ಕೆಲಸ ಹೇಳಿದ್ರಿ. ಕೆಲಸ ಶುರುವಾಗೋದಕ್ಕೆ ಮೊದಲೇ ಕೂತುಬಿಡೋದು ಯಾಕೆ ಅನ್ನೋದನ್ನೂ ಸ್ವಲ್ಪ ಮಾತಾಡಬೇಕು.

ನಮ್ಮಲ್ಲಿ ಮನೆ ಕ್ಲೀನ್ ಅಂದ ಕೂಡಲೇ ಕಣ್ಣಿಗೆ ಬರೋದು ಹಬ್ಬದ ಕ್ಲೀನು. ಯುಗಾದಿಗೆ, ದಸರಾಕ್ಕೆ ಪಾತ್ರೆಯೆಲ್ಲ ಇಳಿಸಿ, ಹಾಸಿಗೆ ಕೌದಿ ಒಗೆದು, ಜೇಡ ಹೊಡೆದು, ಗೋಡೆ ಸುಣ್ಣದವರೆಗೆ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಬೀಗರು ನೆಂಟರು ಬರ್ತಾರೆ ಅಂತ ಇಡೀ ಮನೆ ತಿರುವಿ ಹಾಕ್ತಾರೆ. ಆ ಕೆಲಸಕ್ಕೆ ನಾಲ್ಕು ಕೈ, ಮೂರು ದಿನ, ತುಂಬಿದ ತೊಟ್ಟಿ ನೀರು ಬೇಕು. ಒಬ್ಬರೇ, ಮುಕ್ಕಾಲು ಗಂಟೆಯಲ್ಲಿ, ಡ್ರಮ್ ನೀರಲ್ಲಿ ಆ ಅಳತೆ ಇಟ್ಟುಕೊಂಡ್ರೆ ಕೈ ಏಳೋದಾದ್ರೂ ಹೇಗೆ? ಅದಕ್ಕೆ ಅಳತೆಯನ್ನೇ ಮೂರು ಮಾಡಿ ಇಟ್ಟುಕೊಳ್ಳಿ.

ದಿನದ್ದು ಅಂದ್ರೆ ಕಸ ಹೊರಗೆ, ಸಿಂಕ್ ಖಾಲಿ, ನಡೆಯೋ ದಾರಿ ತೆರವು, ಒಂದು ಹಾಸಿಗೆ ಮಲಗೋ ಹಾಗೆ. ಇಷ್ಟಾದ್ರೆ ಅವತ್ತಿನ ಮನೆಗೆಲಸ ಮುಗೀತು, ಉಳಿದಿದ್ದರ ಕಡೆ ನೋಡೋ ಹಂಗಿಲ್ಲ. ಹದಿನೈದು ದಿನದ್ದು ಅಂದ್ರೆ ಬಚ್ಚಲು, ಬೆಡ್‌ಶೀಟ್, ಫ್ರಿಜ್, ಫ್ಯಾನ್ ರೆಕ್ಕೆ. ಹಬ್ಬದ್ದು ಹಬ್ಬಕ್ಕೇ ಬಿಡಿ, ಸಹಾಯಕ್ಕೆ ಜನ ಇದ್ದಾಗ. ಸಜ್ಜಾ, ಬೀರು, ಹಿತ್ತಾಳೆ ಪಾತ್ರೆ ಈ ಮೂರನೇ ಸಾಲಿಗೆ.

ಮನೆಗೆ ಬಂದವರು "ಏನಿದು ಮನೆ ಹಿಂಗಿಟ್ಕಂಡೀರಿ" ಅಂದ್ರೆ ಅವರ ಕಣ್ಣಲ್ಲಿರೋದು ಮೂರನೇ ಅಳತೆ. ಆ ಮಾತಿಗೆ ಮನಸ್ಸು ಮುರಿಬೇಡಿ, ನಿಮ್ಮ ಮುಂದೆ ಇರೋದು ಮೊದಲನೆಯದು.

---

ಪಹಣಿ | ದಾವಣಗೆರೆ | ಭಾನುವಾರ ಸಂಜೆ 5:30

ಓದದೆ ಚೀಲಕ್ಕೆ ತುಂಬಿದ ಕಾಗದದ ಬಗ್ಗೆ. ಅದನ್ನು ತೆಗೆಯೋದು ಎರಡನೇ ವಾರ, ಕೂತುಕೊಂಡು, ಚಹಾ ಕುಡಿದು, 30 ನಿಮಿಷ ಮೀರದೆ.

ಮೊದಲ ಸುತ್ತಲ್ಲಿ ಎಸೆಯೋದು ಮಾತ್ರ: ಎಟಿಎಂ ಚೀಟಿ, ಕಿರಾಣಿ ಬಿಲ್ಲು, ಬಂದು ಹೋದ ಮದುವೆ ಕರೆಯೋಲೆ, ಅಂಗಡಿ ಪಾಂಪ್ಲೆಟ್, ಕವರು. ಎಟಿಎಂ, ಪೆಟ್ರೋಲ್ ಬಂಕ್ ಚೀಟಿಗಳ ಅಕ್ಷರ ಶಾಖದ ಕಾಗದದ ಮೇಲಿನದು, ಹೇಗೂ ಅಳಿದುಹೋಗುತ್ತೆ. ಗ್ಯಾರಂಟಿ ಇರೋ ಬಿಲ್ ಆದ್ರೆ ಫೋಟೋ ಹೊಡೆದುಕೊಳ್ಳಿ. ಬೆಸ್ಕಾಂ ಬಿಲ್ಲು ಒಂದು ವರ್ಷದ್ದು ಸಾಕು.

ಎರಡನೇ ಸುತ್ತಲ್ಲಿ ಉಳಿಸೋದು: ಮನೆ, ಜಮೀನಿನ ಮೂಲಪತ್ರ, ಕಂದಾಯ ರಸೀದಿ, ಖಾತೆ ಕಾಗದ, ಅಂಕಪಟ್ಟಿ, ಜನನ ಮರಣ ಪತ್ರ, ಜಾತಿ ಆದಾಯ ಪತ್ರ, ಗ್ಯಾಸ್ ಪುಸ್ತಕ, ವಿಮೆ, ಆಸ್ಪತ್ರೆ ಡಿಸ್ಚಾರ್ಜ್ ಹಾಳೆ. 20 ಜೇಬಿನ ಒಂದು ಫೋಲ್ಡರಲ್ಲಿ ಇದೆಲ್ಲ ಹಿಡಿಯುತ್ತೆ. ಪಹಣಿಯ ಹಳೆ ಜೆರಾಕ್ಸ್ ಕಟ್ಟು ಇಟ್ಟುಕೊಳ್ಳೋ ಅಗತ್ಯ ಇಲ್ಲ, ಭೂಮಿ ಜಾಲತಾಣದಲ್ಲಿ ಹೊಸದು ಸಿಗುತ್ತೆ. ಆದ್ರೆ ಕೈಬರಹದ ಹಳೆ ಪತ್ರ, ಛಾಪಾ ಕಾಗದ ಯಾವುದನ್ನೂ ಎಸೆಯಬೇಡಿ. ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಮೇಲೆ ಮುದ್ರೆ ಹಾಕೋಕೂ ಆಗಲ್ಲ, ಬಿಡಿಸೋಕೆ ಹೋದ್ರೆ ಹರಿಯುತ್ತೆ.

ದಾವಣಗೆರೆಯವರು ಇದೊಂದು ನೆನಪಿಡಿ. 1997ರಲ್ಲಿ ಜಿಲ್ಲೆ ಆಗೋಕೆ ಮುಂಚಿನ ನಮ್ಮ ಪತ್ರಗಳ ಮೇಲೆಲ್ಲ ಚಿತ್ರದುರ್ಗ ಜಿಲ್ಲೆ ಅಂತಲೇ ಇರುತ್ತೆ. "ಇದು ದುರ್ಗದ್ಯಾವುದೋ ಕಾಗದ" ಅಂತ ರದ್ದಿಗೆ ಹಾಕಿದ್ರೆ ಆಮೇಲೆ ನಕಲು ತೆಗೆಸೋಕೆ ಕಚೇರಿ ಸುತ್ತಬೇಕು.

---

ಕೌದಿ | ಜಗಳೂರು | ಭಾನುವಾರ ಸಂಜೆ 6:20

ಹೊರಗ ಹಾಕೋ ಸಾಮಾನು ಮನ್ಯಾಗೇ ಒಂದು ತಿಂಗಳು ಕೂತ್ಕಂಡ್ರೆ ಮತ್ತೆ ಚೀಲ ಬಿಚ್ಚಿ "ಇದು ಇರ್ಲಿ" ಅಂತ ವಾಪಸ್ ಇಡ್ತಾರ್ರಿ. ಗುಜರಿಯವ್ರಿಗೆ ಅವತ್ತೇ ಫೋನ್ ಮಾಡ್ರಿ. ಪೇಪರ್, ರಟ್ಟು, ಕಬ್ಬಿಣ, ಪ್ಲಾಸ್ಟಿಕ್ ಬ್ಯಾರೆ ಬ್ಯಾರೆ ಕಟ್ಟಿದ್ರೆ ರೇಟು ಸರಿ ಕೊಡ್ತಾರೆ, ಬೆರಕೆ ಆದ್ರೆ ಕಮ್ಮಿ ರೇಟಿಗೇ ಎಲ್ಲಾ ತೂಗ್ತಾರೆ. ಹಳೆ ಕಾಟನ್ ಸೀರೆ, ಲುಂಗಿ ಕೌದಿ ಹೊಲಿಯೋರಿಗೆ. ನೈಲಾನ್ ಸೀರೆ ಕೌದಿಗೆ ಬರಲ್ಲ, ಜಾರ್ತೈತಿ. ಮುಚ್ಚಳ ಇಲ್ಲದ ಡಬ್ಬಿ, ಡಬ್ಬಿ ಇಲ್ಲದ ಮುಚ್ಚಳ ಎರಡನ್ನೂ ಒಂದೇ ಸಲ ಕಳಿಸ್ರಿ.

ಅವಧಿ ಮುಗಿದ ಮಾತ್ರೆ, ಇನ್ಸುಲಿನ್ ಸೂಜಿ, ಟ್ಯೂಬ್‌ಲೈಟ್, ಸೆಲ್ಲು ಕಸದ ಆಟೋಕ್ಕೆ ಕೊಡುವಾಗ ಬ್ಯಾರೆ ಕಟ್ಟಿ ಹೇಳಿ ಕೊಡ್ರಿ. ಸೂಜಿ ದಪ್ಪ ಪ್ಲಾಸ್ಟಿಕ್ ಬಾಟ್ಲಿಯೊಳಗೆ ಹಾಕಿ ಬಿರಡೆ ಬಿಗೀರಿ. ಪ್ಯಾಡು, ಡಯಾಪರ್ ಪೇಪರ್‌ನ್ಯಾಗೆ ಸುತ್ತಿ. ಕಸ ಬ್ಯಾರೆ ಮಾಡೋರು ಬರೀ ಕೈ ಹಾಕ್ತಾರೆ.

---

ಮೋಡಮುಸುಕು | ಚಿತ್ರದುರ್ಗ | ಭಾನುವಾರ ರಾತ್ರಿ 8:00

ಇಷ್ಟೆಲ್ಲ ಓದಿಯೂ ಎದ್ದು ನಿಲ್ಲೋಕೆ ಆಗದ ದಿನ ಇರುತ್ತೆ. ಅವತ್ತಿಗೆ ಕುಡಿಯೋ ನೀರು ಒಂದು ತಂಬಿಗೆ ಹಾಸಿಗೆ ಪಕ್ಕ, ನಾಳೆಗೆ ಒಂದು ಜೊತೆ ಒಗೆದ ಬಟ್ಟೆ, ಕೊಳೆಯೋ ಹಸಿಕಸ ಬಾಗಿಲ ಹೊರಗೆ. ಮೂರೇ, ಎಲ್ಲ ಸೇರಿ ಹತ್ತು ನಿಮಿಷ. ಮನೆಯಲ್ಲಿ ವಯಸ್ಸಾದವರು ಇದ್ದರೆ ನಾಲ್ಕನೆಯದು, ಅವರ ಹಾಸಿಗೆಯಿಂದ ಬಚ್ಚಲಿನವರೆಗೆ ಮೂರಡಿ ದಾರಿ, ವೈರು ಮತ್ತು ಮಡಚಿದ ಚಾಪೆ ಇಲ್ಲದ ಹಾಗೆ, ರಾತ್ರಿ ಒಂದು ಸಣ್ಣ ಬಲ್ಬು. ರಾತ್ರಿ ಎಡವಿ ಸೊಂಟ ಮುರಿದುಕೊಂಡ್ರೆ ಅದರ ಮುಂದೆ ಈ ಕಸ ಏನೂ ಅಲ್ಲ.

ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಊಟ ಏರುಪೇರು, ಸ್ನಾನಕ್ಕೂ ಏಳೋಕಾಗಲ್ಲ ಅಂದ್ರೆ ಅದು ಸೋಮಾರಿತನ ಅಲ್ಲ, ಖಿನ್ನತೆ ಇರಬಹುದು. ರಕ್ತಹೀನತೆ, ಥೈರಾಯ್ಡ್ ಕಮ್ಮಿ ಇದ್ದರೂ ಹೀಗೇ ಆಗುತ್ತೆ, ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತೆ. ಹೆರಿಗೆಯಾದ ಮೇಲಿನ ತಿಂಗಳುಗಳಲ್ಲಿ ಮನೆಯವರು ಇದನ್ನು ಗಮನಿಸಲೇಬೇಕು. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 2022ರಿಂದ ಇದೆ, 14416ಕ್ಕೆ ಫೋನ್ ಮಾಡಿದ್ರೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮನೆ ಸ್ಥಿತಿಯಿಂದಲೇ ಮಾತು ಶುರು ಮಾಡಬಹುದು, "ಪಾತ್ರೆ ತೊಳೆಯೋಕೂ ಆಗ್ತಿಲ್ಲ" ಅಂದ್ರೆ ಅವರಿಗೆ ಅರ್ಥ ಆಗುತ್ತೆ.

---

ಗಡಿಯಾರಕಂಬ | ದಾವಣಗೆರೆ | ಭಾನುವಾರ ರಾತ್ರಿ 9:30

ದಾರಿ ಆಯ್ತು, ಸಿಂಕ್ ಆಯ್ತು, ಒಣಕಸ ಎರಡು ಚೀಲ ಬಾಗಿಲ ಹತ್ತಿರ ಇದೆ. ನಾಳೆ ಬುಟ್ಟಿ ಕ್ರಮದಲ್ಲಿ ಬಟ್ಟೆ. ಒಂದೇ ಪ್ರಶ್ನೆ ಉಳಿದಿದೆ: ಬೇರೆ ರೂಮಿಗೆ ಹೋಗಬೇಕಾದ ಚೀಲ ತುಂಬಿ ಕೂತಿದೆ, ಅದನ್ನೇನು ಮಾಡೋದು?

---

ಕಸಬರಿಗೆ | ದಾವಣಗೆರೆ | ಭಾನುವಾರ ರಾತ್ರಿ 9:50

ಒಂದೊಂದೇ ಸಾಮಾನು ಹಿಡ್ಕೊಂಡು ರೂಮಿಂದ ರೂಮಿಗೆ ಓಡಾಡಬೇಡಿ. ಚೀಲವನ್ನೇ ಹೊತ್ತು ಮೊದಲ ರೂಮಿಗೆ ಹೋಗಿ, ಆ ರೂಮಿನದಷ್ಟೇ ತೆಗೆದು ಬಾಗಿಲ ಬಲಗಡೆ ನೆಲದ ಮೇಲೆ ಇಡಿ, ಮುಂದಿನ ರೂಮಿಗೆ ನಡೀರಿ. ಒಳಗೆ ಜೋಡಿಸೋದು ಆ ರೂಮಿನ ಸರದಿ ಬಂದ ದಿನ. ಕೊನೆಗೆ ಚೀಲದ ತಳದಲ್ಲಿ ಕೀಲಿ, ಚಾರ್ಜರ್, ಸ್ಕ್ರೂ, ರಬ್ಬರ್ ಬ್ಯಾಂಡ್ ಅಂತ ಮನೆಯೇ ಇಲ್ಲದ ಸಾಮಾನು ಉಳಿಯುತ್ತೆ. ಅದಕ್ಕೆ ಶೂ ಡಬ್ಬ ಒಂದು. ಮುಚ್ಚಳದ ಮೇಲೆ ಇವತ್ತಿನ ತಾರೀಖು ಬರೆದು ಟಿವಿ ಪಕ್ಕ ಇಡಿ, ಯಾರಿಗೆ ಏನು ಬೇಕೋ ಅಲ್ಲಿಂದ ತಗೊಳ್ಳಲಿ. ತಿಂಗಳ ಮೇಲೂ ಅದರಲ್ಲಿ ಉಳಿದ ಕೀಲಿಯನ್ನು ಮನೆಯ ಬೀಗಗಳಿಗೆಲ್ಲ ಒಂದು ಸಲ ಹಾಕಿ ನೋಡಿ, ಯಾವುದಕ್ಕೂ ಕೂರದಿದ್ರೆ ಗುಜರಿ ಕಬ್ಬಿಣದ ಜೊತೆ ಕಳಿಸಿ.

ಒಣಕಸದ ಆ ಎರಡು ಚೀಲದ ಬಾಯಿ ಈಗಲೇ ಕಟ್ಟಿ ಗೇಟಿನ ಒಳಗೆ ಇಟ್ಟುಬಿಡಿ, ರಾತ್ರಿ ಹೊರಗಿಟ್ರೆ ನಾಯಿ ಎಳೆದಾಡುತ್ತೆ. ಬೆಳಗ್ಗೆ ಆಟೋ ಸದ್ದು ಕೇಳಿದ ಕೂಡಲೇ ಕೊಡೋ ಹಾಗಿರಲಿ.